ಪ್ರಾಂಪ್ಟರ್ ಸಿನಿಮಾ ನೋಡಿದ್ದು

ನನ್ನ ಕೈಚೀಲದಲ್ಲಿ ಒಂದು ಪುಟ್ಟ ತಗಡಿನ ಡಬ್ಬಿ ಇದೆ. ಯಾವುದೋ ಕಾಲದಲ್ಲಿ ಅದು ತಲೆನೋವಿನ ಮುಲಾಮಿನ ಡಬ್ಬಿಯಾಗಿತ್ತು. ಮುಚ್ಚಳದ ಮೇಲಿನ ಬಣ್ಣವೂ ಹೆಸರೂ ಬೆರಳಿನ ತಿಕ್ಕಾಟಕ್ಕೆ ಸವೆದುಹೋಗಿ ಈಗ ಅದು ಹೊಳೆಯ ಕಲ್ಲಿನಂತೆ ನುಣ್ಣಗಾಗಿದೆ. ಒಳಗೆ ಕಲ್ಲುಸಕ್ಕರೆಯ ಹರಳುಗಳು, ನಡುವೆ ನಾಲ್ಕಾರು ಕಾಳುಮೆಣಸು. ವಿಶೇಷವೆಂದರೆ ಅದರ ತಳಕ್ಕೂ ಮುಚ್ಚಳದ ಒಳಮೈಗೂ ತೆಳುವಾಗಿ ಹತ್ತಿ ಅಂಟಿಸಿದೆ. ನೀವು ಅದನ್ನು ಕಿವಿಯ ಹತ್ತಿರ ಹಿಡಿದು ಎಷ್ಟು ಅಲ್ಲಾಡಿಸಿದರೂ ಸದ್ದು ಬರುವುದಿಲ್ಲ. ಸದ್ದು ಮಾಡದಿರಲು ಇಷ್ಟು ಶ್ರಮ ಪಟ್ಟ ಒಬ್ಬ ಮನುಷ್ಯನನ್ನು, ಸದ್ದು ಮಾಡುತ್ತಾರೆಂಬ ಕಾರಣಕ್ಕೆ ಒಂದು ಸಭಾಂಗಣದಿಂದ ಹೊರಗಿಡಲು ನೋಡಿದರು. ಆ ಕೆಲಸದಲ್ಲಿ ನಾನೂ ಕೈ ಸೇರಿಸಿದೆ. ಸಿಟ್ಟಿನಲ್ಲಿ ಬರೆಯಬಾರದೆಂದು ನಮಗೆ ಕಾಲೇಜಿನಲ್ಲಿ ಹೇಳಿಕೊಟ್ಟಿದ್ದಾರೆ. ಸಿಟ್ಟು ಇಳಿಯಲೆಂದು ಎರಡು ತಿಂಗಳು ಕಾದೆ. ಇಳಿಯಲಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ಡಬ್ಬಿ ನನ್ನ ದಾದಾ ಅವರದು, ಅಂದರೆ ನನ್ನ ತಂದೆಯ ತಂದೆಯದು. ಹತ್ತೊಂಬತ್ತರಿಂದ ಮೂವತ್ತೆರಡರ ವಯಸ್ಸಿನವರೆಗೆ ಅವರು ಊರೂರು ತಿರುಗುವ ಒಂದು ನಾಟಕ ಕಂಪನಿಯಲ್ಲಿ ಪ್ರಾಂಪ್ಟರ್ ಆಗಿದ್ದರು. ರಂಗದ ಪಕ್ಕದ ಪರದೆಯ ಮರೆಯಲ್ಲಿ, ಪುಸ್ತಕದ ಮೇಲಷ್ಟೇ ಬೆಳಕು ಬೀಳುವಂತೆ ಒಂದು ಮಬ್ಬು ದೀಪ ಇಟ್ಟುಕೊಂಡು ಕೂತು, ಮಾತು ಮರೆತ ನಟನಿಗೆ ಮಾತು ಎತ್ತಿಕೊಡುವುದು ಅವರ ಕೆಲಸ. ಕೆಮ್ಮುವಂತಿಲ್ಲ, ಸೀನುವಂತಿಲ್ಲ. ಅದಕ್ಕೇ ಕಲ್ಲುಸಕ್ಕರೆ, ಅದಕ್ಕೇ ಹತ್ತಿ. ಕಂಪನಿ ಮುಚ್ಚಿದ ಮೇಲೆ ಯಶವಂತಪುರದ ಒಂದು ಲಾರಿ ಬುಕಿಂಗ್ ಆಫೀಸಿನಲ್ಲಿ ಗುಮಾಸ್ತರಾಗಿ ನಿವೃತ್ತರಾದರು. ಆರ್.ಟಿ. ನಗರದ ನಮ್ಮ ಮನೆಯಲ್ಲಿ ಎಲ್ಲರಂತೆ ಅವರೂ ದಖನಿ ಉರ್ದುವಿನಲ್ಲೇ ಮಾತಾಡುತ್ತಾರೆ; ಆದರೆ ನಾಟಕದ ವಿಷಯ ಬಂದರೆ ಮಾತ್ರ, ನೆಲದ ಮೇಲೆ ಕೂತವರು ಎದ್ದು ಕುರ್ಚಿಗೆ ಬಂದ ಹಾಗೆ, ಕನ್ನಡಕ್ಕೆ ಬರುತ್ತಾರೆ. ನನ್ನ ಕನ್ನಡದ ಮೊದಲ ಪಾಠಶಾಲೆ ಆ ಕುರ್ಚಿ.

ಪ್ರಾಂಪ್ಟರನ ಕಸುಬಿನಲ್ಲಿ ಒಂದು ಕಟ್ಟುನಿಟ್ಟಿದೆ. ಎರಡು ಪದ ಎತ್ತಿಕೊಡಬೇಕು, ಮೂರನೆಯದು ಕೊಡಬಾರದು. "ಮೂರನೇದು ಕೊಟ್ರೆ ಅವನಿಗೆ ಅವಮಾನ ಬೇಟಾ. ಅವನಿಗೆ ಗೊತ್ತಿಲ್ಲ ಅಂತಲ್ಲ, ದಾರಿ ತಪ್ಪಿದೆ ಅಷ್ಟೆ. ಬಾಗಿಲು ತೋರಿಸ್ಬೇಕು, ಒಳಗೆ ತಳ್ಳಬಾರದು" ಎಂದು ದಾದಾ ಹೇಳುತ್ತಾರೆ. ನಾನು ಎಂ.ಎ. ತರಗತಿಯಲ್ಲಿ ಎರಡು ವರ್ಷ ಕೇಳಿದ ಉಪನ್ಯಾಸಗಳಲ್ಲಿ ಇನ್ನೊಬ್ಬರ ಮಾನವನ್ನು ಕಾಯುವ ಬಗೆಗೆ ಇಷ್ಟು ಖಚಿತವಾದ ವಾಕ್ಯವೊಂದು ಬಂದದ್ದು ನೆನಪಿಲ್ಲ.

ಈ ವರ್ಷ ಯಲಹಂಕದ ಒಂದು ಸಿನಿಮಾ ಬಳಗದವರು ಪ್ರಸಿದ್ಧ ನಾಟಕಗಳನ್ನು ಆಧರಿಸಿದ ಮೂರು ಹಳೆಯ ಚಿತ್ರಗಳನ್ನು ತೋರಿಸುವುದಾಗಿ ಪ್ರಕಟಿಸಿದರು. ತಿಂಗಳಿಗೊಂದು, ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ, ಒಂದು ಮನೆಯ ಮೇಲಂತಸ್ತಿನ ಹಾಲಿನಲ್ಲಿ. ಮೂರನೆಯದು ದಾದಾ ಅವರ ಕಂಪನಿಯೇ ನೂರಾರು ಸಲ ಆಡಿದ ನಾಟಕ. ಅದರ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಬರೆದರೆ ನಿಮಗೆ ಆ ಚಿತ್ರದ ಹಾಡು ನೆನಪಾಗುತ್ತದೆ, ನೀವು ಗುನುಗಲು ತೊಡಗುತ್ತೀರಿ. ನನಗೆ ಹೇಳಬೇಕಾದದ್ದು ಹಾಡಿನ ವಿಷಯವಲ್ಲ. ಪಟ್ಟಿಯನ್ನು ತೋರಿಸಿದಾಗ ದಾದಾ ಕನ್ನಡಕ ಹಾಕಿಕೊಂಡು ಮೂರನೆಯ ಹೆಸರಿನ ಮೇಲೆ ಬೆರಳಿಟ್ಟರು. ಆ ಚಿತ್ರವನ್ನು ಅವರು ನೋಡಿರಲಿಲ್ಲ. ಅದು ಬಂದ ಮೇಲೆ ನಾಟಕಕ್ಕೆ ಜನ ಬರುವುದು ನಿಂತಿತೆಂದು ಕಂಪನಿಯವರೆಲ್ಲ ಅದನ್ನು ನೋಡುವುದಿಲ್ಲವೆಂಬ ಹಟ ಹಿಡಿದಿದ್ದರು. ಹಟ ಹಿಡಿದವರಲ್ಲಿ ಈಗ ಉಳಿದಿರುವವರು ಇವರೊಬ್ಬರೇ.

"ಸರೋಜಮ್ಮನ ಮಾತು ಅದರಲ್ಲಾದ್ರೂ ಇರುತ್ತೆ" ಎಂದರು. "ಬೇರೆ ಯಾರೋ ಹೇಳಿರ್ತಾರೆ. ಹೇಳ್ಲಿ. ಮಾತು ಅದೇ ತಾನೆ. ಒಂದ್ಸಲ ಕೇಳ್ಬೇಕು."

ಅದೇನು ಮಾತು ಎಂಬುದನ್ನು ಮುಂದೆ ಹೇಳುತ್ತೇನೆ. ಮೊದಲನೆಯ ಚಿತ್ರಕ್ಕೆ ಹೋದೆವು. ಸಾಧಾರಣವಾಗಿ ದಾದಾ ಸಿನಿಮಾ ಮಂದಿರದಲ್ಲಿ ಹತ್ತು ನಿಮಿಷಕ್ಕೆ ನಿದ್ದೆ ಹೋಗುವವರು. ಅಂದು ನಿದ್ದೆ ಬರಲಿಲ್ಲ. ಹೆಸರುಗಳು ಮುಗಿದು ಮೊದಲ ಪಾತ್ರ ಬಾಯಿ ತೆರೆಯುವ ಮುನ್ನವೇ ನನ್ನ ಪಕ್ಕದಲ್ಲಿ ಒಂದು ಪಿಸುಮಾತು ಕೇಳಿತು. ಎರಡು ಪದ. ಆ ಎರಡು ಪದವನ್ನೇ ಎತ್ತಿಕೊಂಡು ತೆರೆಯ ಮೇಲಿನ ಯಜಮಾನರು ಮುಂದುವರಿದರು. ಮತ್ತೆ ಎರಡು ಪದ, ಮತ್ತೆ ಯಾರೋ ಅದನ್ನು ಹಿಡಿದುಕೊಂಡರು. ಈ ನಾಟಕವನ್ನೂ ಎಲ್ಲ ಕಂಪನಿಗಳೂ ಆಡುತ್ತಿದ್ದವು, ದಾದಾಗೆ ಬಾಯಿಪಾಠ. ತಾವು ಹೀಗೆ ಮಾಡುತ್ತಿದ್ದೇವೆಂಬ ಅರಿವೇ ಅವರಿಗಿರಲಿಲ್ಲ. ಬೆನ್ನು ನೆಟ್ಟಗಾಗಿತ್ತು, ಇಲ್ಲದ ಪುಸ್ತಕದ ಹಾಳೆಯನ್ನು ಬಲಗೈ ಮಗುಚುತ್ತಿತ್ತು. ಕಪ್ಪು ಬಿಳುಪಿನ ಆ ಜನ, ಬಹುಪಾಲು ಈಗ ಬದುಕಿಲ್ಲದವರು, ನಮ್ಮ ದಾದಾ ಹೇಳಿದ ಹಾಗೆ ಕೇಳಿಕೊಂಡು ಒಬ್ಬರಾದ ಮೇಲೊಬ್ಬರು ಮಾತಾಡುವುದನ್ನು ನಾನು ಸುಮಾರು ಇಪ್ಪತ್ತು ನಿಮಿಷ ನೋಡಿದೆ. ನಾನು ಕಂಡಿರುವ ಅತಿ ಒಳ್ಳೆಯ ಸಿನಿಮಾ ಅದೇ ಇಪ್ಪತ್ತು ನಿಮಿಷ.

ಆಮೇಲೆ ಚಿತ್ರ ನಾಟಕವನ್ನು ಬಿಟ್ಟು ಹೊರಟಿತು. ಮನೆಯೊಳಗೆ ಮಗಳು ತಂದೆಯ ಮುಂದೆ ನಿಂತು ಆಡಬೇಕಾದ ಮಾತಿನ ಜಾಗದಲ್ಲಿ ಒಂದು ಕುದುರೆಗಾಡಿ ಬಂತು, ತೆಂಗಿನ ತೋಪು ಬಂತು, ತೋಪಿನಲ್ಲಿ ಹಾಡು ಬಂತು. ದಾದಾ ಎತ್ತಿಕೊಟ್ಟ ಎರಡು ಪದವನ್ನು ಯಾರೂ ಹಿಡಿಯಲಿಲ್ಲ. ನಟ ಮರೆತನೆಂದು ಅವರ ಕಸುಬಿನ ಕಿವಿಗೆ ಅನ್ನಿಸಿರಬೇಕು. ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ ಎತ್ತಿಕೊಟ್ಟರು. ಮತ್ತೂ ಹಿಡಿಯಲಿಲ್ಲ. ಮೂರನೆಯ ಸಲಕ್ಕೆ ಮುಂದಿನ ಸಾಲಿನ ಯುವಕನೊಬ್ಬ ತಿರುಗಿದ.

"ಅಂಕಲ್, ನಮಗೂ ಕನ್ನಡ ಬರುತ್ತೆ. ಸಬ್‌ಟೈಟಲ್ ಬೇಡ."

ಎರಡು ಸಾಲು ನಕ್ಕಿತು. ದಾದಾ ಬಾಯಿಯ ಮೇಲೆ ಕೈಯಿಟ್ಟುಕೊಂಡು "ಮಾಫ್ ಮಾಡಪ್ಪ" ಎಂದರು. ನಾನು ಅವರ ಜುಬ್ಬದ ಜೇಬಿನಿಂದ ಡಬ್ಬಿ ತೆಗೆದು ಒಂದು ಹರಳನ್ನು ಅವರ ಅಂಗೈಗೆ ಒತ್ತಿದೆ. ಅವರು ವಿಧೇಯರಾಗಿ ಬಾಯಿಗೆ ಹಾಕಿಕೊಂಡರು. ಅಲ್ಲಿಂದ ಮುಂದೆ ಅವರ ತುಟಿ ಅಲುಗಿದಾಗಲೆಲ್ಲ ಒಂದೊಂದು ಹರಳು. ಮಾತು ಎತ್ತಿಕೊಡುವ ಗಂಟಲು ಒಣಗದಿರಲೆಂದು ಹುಟ್ಟಿದ ಡಬ್ಬಿಯನ್ನು ಆ ಗಂಟಲನ್ನೇ ಮುಚ್ಚಲು ನಾನು ಎಷ್ಟು ಬೇಗ ಕಲಿತೆ ನೋಡಿ.

ಚಿತ್ರ ಮುಗಿದ ಮೇಲೆ ಚರ್ಚೆ. ಬಳಗದ ಸಂಚಾಲಕರು ಜಯಸಿಂಹ ಎಂಬ ನಿವೃತ್ತ ಅಧ್ಯಾಪಕರು, ಓದಿಕೊಂಡವರು, ಮೃದು ಮಾತಿನವರು. ನಾಟಕದ ಉದ್ದುದ್ದ ಮಾತುಗಳನ್ನು ಕಿತ್ತೊಗೆದು ನಿರ್ದೇಶಕರು ಅದನ್ನು ಸಿನಿಮಾ ಮಾಡಿದರು, ನಾಟಕೀಯತೆಯಿಂದ ಬಿಡುಗಡೆ ಮಾಡಿದರು ಎಂದರು. ಎಲ್ಲರೂ ತಲೆಯಾಡಿಸಿದರು. ನಾಟಕವನ್ನು ನಾಟಕೀಯತೆಯಿಂದ ಬಿಡುಗಡೆ ಮಾಡುವುದು ಮರಕ್ಕೆ ಎಲೆಗಳಿಂದ ಬಿಡುಗಡೆ ಕೊಟ್ಟಂತೆ ಎಂದು ನನಗೆ ಹೊಳೆದದ್ದು ಬಸ್ಸಿನಲ್ಲಿ, ಹೆಬ್ಬಾಳದ ಮೇಲ್ಸೇತುವೆ ಇಳಿಯುವಾಗ. ನನ್ನ ಉತ್ತರಗಳು ಯಾವಾಗಲೂ ಹೆಬ್ಬಾಳದಲ್ಲಿ ಹೊಳೆಯುತ್ತವೆ. ಹೊರಡುವಾಗ ಒಬ್ಬ ಹೆಂಗಸು ದಾದಾ ಅವರ ಕೈ ಹಿಡಿದುಕೊಂಡು, "ನೀವು ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತೀರಲ್ಲ" ಎಂದು ಮನಸಾರೆ ಮೆಚ್ಚಿದರು. ಈ ಮೆಚ್ಚುಗೆ ನನಗೂ ಒಂದನೆಯ ತರಗತಿಯಿಂದ ಬರುತ್ತಿದೆ. ಅದನ್ನು ತೆಗೆದುಕೊಂಡು ಎಲ್ಲಿಡಬೇಕೆಂದು ನನಗೆ ಇಂದಿಗೂ ಗೊತ್ತಾಗಿಲ್ಲ. ದಾದಾ ಮಾತ್ರ "ನಾಟಕದವ್ನು ಅಮ್ಮ, ಬರ್ಲೇಬೇಕು" ಎಂದು ನಕ್ಕರು.

ಎರಡನೆಯ ಚಿತ್ರದ ವಾರ ಜಯಸಿಂಹ ಸರ್ ಫೋನ್ ಮಾಡಿದರು.

"ತಪ್ಪು ತಿಳ್ಕೋಬೇಡಿ ಮೇಡಂ. ಕೆಲವರಿಗೆ ಡಿಸ್ಟರ್ಬ್ ಆಯ್ತಂತೆ. ನಿಮ್ಮ ತಾತನಿಗೆ ಮನೇಲೇ ತೋರಿಸ್ಬಿಡಿ ಅಲ್ವಾ, ಎಲ್ಲಾ ಆನ್‌ಲೈನ್ ಸಿಗುತ್ತೆ. ನೀವು ಖಂಡಿತ ಬನ್ನಿ."

"ಸರಿ ಸರ್" ಎಂದೆ.

ಈ ಎರಡು ಪದವನ್ನು ನನಗೆ ಯಾರೂ ಎತ್ತಿಕೊಡಲಿಲ್ಲ. ಸಲೀಸಾಗಿ ನನ್ನ ಬಾಯಿಂದಲೇ ಬಂತು. ಭಾನುವಾರ ದಾದಾ ಇಸ್ತ್ರಿ ಮಾಡಿದ ಜುಬ್ಬ ಹಾಕಿಕೊಂಡು ಎರಡು ಗಂಟೆಗೇ ಹಜಾರಕ್ಕೆ ಬಂದರು. ಈ ತಿಂಗಳು ಪ್ರದರ್ಶನ ಇಲ್ಲವಂತೆ, ಹಾಲ್ ಸಿಗಲಿಲ್ಲವಂತೆ ಎಂದೆ. ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. ಹದಿಮೂರು ವರ್ಷ ಮರೆಯಲ್ಲಿ ಕೂತು, ಮಾತು ತಪ್ಪಲಿರುವ ಮುಖ ಹೇಗಿರುತ್ತದೆ ಎಂಬುದನ್ನೇ ನೋಡಿಕೊಂಡಿದ್ದವರು. "ಅಚ್ಛಾ" ಎಂದು ಒಳಗೆ ಹೋಗಿ ಜುಬ್ಬ ಬಿಚ್ಚಿ ಮಡಿಸಿಟ್ಟರು. ಮಡಿಕೆ ತುಂಬ ನೇರವಾಗಿತ್ತು. ನಾನೂ ಹೋಗಲಿಲ್ಲ, ಹೋಗದಿರುವುದೇ ಪ್ರತಿಭಟನೆ ಎಂದು ನನಗೆ ನಾನೇ ಹೇಳಿಕೊಂಡೆ, ಅದನ್ನು ಯಾರಿಗೂ ತಿಳಿಸದಿರುವಷ್ಟು ಜಾಗರೂಕಳಾಗಿದ್ದೆ.

ಆ ದಿನಗಳಲ್ಲಿ ನನ್ನ ಕೋಣೆಯಲ್ಲಿ ಕೂತು ನಾಟಕದಿಂದಾದ ಹಳೆಯ ಚಿತ್ರಗಳನ್ನು ಒಂದೊಂದಾಗಿ ನೋಡಿದೆ, ಪಕ್ಕದಲ್ಲಿ ನಾಟಕದ ಪುಸ್ತಕ ತೆರೆದಿಟ್ಟುಕೊಂಡು. ನ್ಯಾಯವಾಗಿ ಹೇಳಬೇಕು: ಅವು ನನ್ನನ್ನು ಅಲ್ಲಲ್ಲಿ ಸೋಲಿಸಿದವು. ಒಂದರಲ್ಲಿ, ನಾಟಕದಲ್ಲಿ ಒಂದೂ ಮಾತಿಲ್ಲದ ಸೊಸೆಯೊಬ್ಬಳ ಮುಖವನ್ನು ಕ್ಯಾಮೆರಾ ಅಷ್ಟು ಹೊತ್ತು ಬಿಡದೆ ನೋಡುತ್ತದೆ. ದೂರದ ಸಾಲಿನಲ್ಲಿ ಕೂತ ನಾಟಕದ ಪ್ರೇಕ್ಷಕನಿಗೆ ಅವಳ ರೆಪ್ಪೆಯ ಅಲುಗಾಟ ಎಂದೂ ಕಂಡಿರಲಾರದು. ಆದರೆ ಒಂದು ರೆಪ್ಪೆ ಕೊಟ್ಟು ಹತ್ತು ಮಾತು ಕಿತ್ತುಕೊಳ್ಳುವ ಈ ವ್ಯವಹಾರವನ್ನು ಒಪ್ಪಿಕೊಂಡವರು ಯಾರು? ನಾಟಕದಲ್ಲಿ ಯಾರನ್ನು ನೋಡಬೇಕೆಂಬುದು ನಮಗೆ ಬಿಟ್ಟದ್ದು. ಯಜಮಾನ ಅಬ್ಬರಿಸುತ್ತಿರುವಾಗ ನೀವು ಮೂಲೆಯಲ್ಲಿ ಕಾಫಿ ಲೋಟ ಹಿಡಿದು ನಿಂತವಳನ್ನು ನೋಡಬಹುದು. ಅವಳು ಅಲ್ಲೇ ಇರುತ್ತಾಳೆ. ಸಿನಿಮಾದಲ್ಲಿ ಯಜಮಾನನ ಮುಖ ತೆರೆ ತುಂಬ ಬಂದರೆ ಅವಳು ಮನೆಯಲ್ಲೇ ಇಲ್ಲ. ನನ್ನ ತಕರಾರು ಚಿತ್ರಗಳು ಬದಲಾಯಿಸಿದವು ಎಂಬುದಲ್ಲ. ಬದಲಾಯಿಸಿದಾಗಲೆಲ್ಲ ಮಾತು ಕಳೆದುಕೊಂಡವರು ಯಾರೆಂದು ಪುಸ್ತಕದ ಅಂಚಿನಲ್ಲಿ ಗುರುತು ಹಾಕುತ್ತಾ ಹೋದೆ: ಅಡುಗೆಯವಳು, ವಿಧವೆ ಅತ್ತಿಗೆ, ತಲೆಮಾರಿನಿಂದ ಮನೆಯಲ್ಲಿರುವ ಆಳು. ಯಜಮಾನರ ಮಾತು ಎಲ್ಲೂ ಒಂದು ಸಾಲೂ ಕಡಿಮೆಯಾಗಿರಲಿಲ್ಲ. ಹಾಗೆಂದು ನಾಟಕ ಕಂಪನಿಗಳೇನು ಧರ್ಮಛತ್ರಗಳಾಗಿರಲಿಲ್ಲ. ದಾದಾ ಜೋಪಾನವಾಗಿಟ್ಟ ಹಳೆಯ ಕರಪತ್ರಗಳಲ್ಲಿ ಹಾರ್ಮೋನಿಯಂ ಪೆಟ್ಟಿಗೆಯ ಮಾಸ್ತರರ ಹೆಸರಿದೆ, ಸೀನರಿ ಬರೆದವರ ಹೆಸರಿದೆ. ಪ್ರಾಂಪ್ಟರನ ಹೆಸರು ಒಂದರಲ್ಲೂ ಇಲ್ಲ.

ಈಗ ಸರೋಜಮ್ಮನ ಮಾತು. ಮೂರನೆಯ ನಾಟಕದಲ್ಲಿ ದೊಡ್ಡ ಮನೆಯೊಂದರ ಅಡುಗೆಯ ಗಂಗಮ್ಮನ ಮೇಲೆ ಚಿನ್ನದ ಸರ ಕದ್ದ ಆರೋಪ ಬರುತ್ತದೆ. ಅವಳನ್ನು ಹೊರಗೆ ಹಾಕುತ್ತಾರೆ. ಕೊನೆಗೆ ಸರ ಯಜಮಾನನ ಮಗನ ಬಳಿಯೇ ಸಿಕ್ಕಿ, ಎಲ್ಲರೂ ಅವಳನ್ನು ಒಳಗೆ ಬಾ ಎಂದು ಕರೆಯುತ್ತಾರೆ. ಅವಳು ಹೊಸ್ತಿಲ ಬಳಿ ನಿಂತು ಹೇಳುತ್ತಾಳೆ: "ಕದ್ದಿಲ್ಲ ಅಂದಿರಿ, ಸರಿ. ಕದ್ದಿರಬಹುದು ಅಂದುಕೊಂಡಿದ್ದಿರಲ್ಲ, ಅದನ್ನೆಲ್ಲಿ ಇಡುತ್ತೀರಿ?" ಹೇಳಿ ಹೊರಟುಹೋಗುತ್ತಾಳೆ.

ಗಂಗಮ್ಮನ ಪಾತ್ರ ಮಾಡುತ್ತಿದ್ದವರು ಸರೋಜಮ್ಮ. ಕಂಪನಿ ಒಮ್ಮೆ ಚಿಕ್ಕಬಾಣಾವರದಲ್ಲಿ, ರೈಲು ನಿಲ್ದಾಣದ ಪಕ್ಕದ ಬಯಲಲ್ಲಿ ಡೇರೆ ಹಾಕಿತ್ತು. ಸರಿಯಾಗಿ ಈ ಘಟ್ಟಕ್ಕೆ ಗೂಡ್ಸ್ ರೈಲು ಬಂತು. ಮಾತು ರೈಲಿನಡಿ ಸಿಕ್ಕಿ ಸತ್ತುಹೋಗುತ್ತದೆಂದು ಮರೆಯಲ್ಲಿದ್ದ ದಾದಾ ಅಂಗೈ ಎತ್ತಿ, ತಡೆಯಿರಿ ಎಂದು ಸನ್ನೆ ಮಾಡಿದರು. ಸರೋಜಮ್ಮ ಬಾಗಿಲ ಚೌಕಟ್ಟಿನ ಮೇಲೆ ಕೈಯಿಟ್ಟು ನಿಂತೇ ನಿಂತರು. ಅಷ್ಟೂ ಬೋಗಿಗಳು ಹೋದವು. ಜನ ಉಸಿರು ಹಿಡಿದು ಕೂತರು. ಸದ್ದು ಅಡಗಿದ ಮೇಲೆ ದಾದಾ ಕೈ ಇಳಿಸಿ ಎರಡು ಪದ ಎತ್ತಿಕೊಟ್ಟರು. ಅಂದಿನಿಂದ ರೈಲೇ ಇಲ್ಲದ ಊರುಗಳಲ್ಲೂ ಸರೋಜಮ್ಮ ಆ ರೈಲು ಹೋಗುವವರೆಗೆ ನಿಲ್ಲುತ್ತಿದ್ದರಂತೆ, ದಾದಾ ಕೈ ಎತ್ತಿ ಹಿಡಿದಿರುತ್ತಿದ್ದರಂತೆ. "ಆ ಮಾತಿಗೆ ಬೆಲೆ ಬಂದಿದ್ದೇ ಆ ರೈಲಿಂದ" ಎನ್ನುತ್ತಾರೆ.

ಮೂರನೆಯ ಭಾನುವಾರಕ್ಕೆ ನಾಲ್ಕು ದಿನ ಮುಂಚೆ ಆ ಚಿತ್ರವನ್ನು ಒಬ್ಬಳೇ ನೋಡಿದೆ. ಮಾತು ಇರಲಿಲ್ಲ. ಒಳಗೆ ಬಾ ಎಂದ ಕೂಡಲೇ ಮಳೆ ಸುರಿಯುತ್ತದೆ, ವೀಣೆ ನುಡಿಯುತ್ತದೆ, ಗಂಗಮ್ಮ ಓಡಿ ಬಂದು ಯಜಮಾನನ ಕಾಲು ಹಿಡಿದು ಅಳುತ್ತಾಳೆ, ಅವನು ಅವಳ ತಲೆ ಸವರುತ್ತಾನೆ. ನಾನು ಲ್ಯಾಪ್‌ಟಾಪ್ ಮುಚ್ಚಿದೆ. ಸರ ಕದ್ದ ಮಗನಿಗಿಂತ ದೊಡ್ಡ ಕಳವು ಇದು. ಇಷ್ಟು ವರ್ಷದಲ್ಲಿ ಯಾರೂ ದೂರು ಕೊಟ್ಟಿಲ್ಲ, ಏಕೆಂದರೆ ಹಾಡು ಚೆನ್ನಾಗಿದೆ. ಸರೋಜಮ್ಮ ಇಲ್ಲ. ಅವರ ದನಿಯನ್ನು ಯಾರೂ ಮುದ್ರಿಸಿಟ್ಟಿಲ್ಲ. ಆ ಮಾತನ್ನು ಒಬ್ಬ ಹೆಂಗಸಿನ ಬಾಯಲ್ಲಿ ಗಟ್ಟಿಯಾಗಿ ಇನ್ನೊಮ್ಮೆ ಕೇಳಬೇಕೆಂದು ಎಂಬತ್ತು ದಾಟಿದ ಒಬ್ಬರು ಜುಬ್ಬಕ್ಕೆ ಇಸ್ತ್ರಿ ಹಾಕಿಸಿಟ್ಟುಕೊಂಡಿದ್ದರು.

ಜಯಸಿಂಹ ಸರ್‌ಗೆ ನಾನೇ ಫೋನ್ ಮಾಡಿ, ದಾದಾ ಬರುತ್ತಾರೆ ಎಂದೆ.

"ಅಯ್ಯೋ ಬರ್ಲಿ ಬರ್ಲಿ, ನಾವೇನು ಬರ್ಬೇಡಿ ಅಂದಿದ್ವಾ?" ಎಂದರು. "ಹಿಂದ್ಗಡೆ ಬಾಗಿಲ ಹತ್ರ ಎರಡು ಕುರ್ಚಿ ಹಾಕ್ಸಿರ್ತೀನಿ. ಬೇಕಾದ್ರೆ ಎದ್ದು ಹೋಗೋಕೂ ಅನುಕೂಲ."

ಭಾನುವಾರ ಹಾಲಿನಲ್ಲಿ ಬಾಗಿಲ ಪಕ್ಕದ ಕುರ್ಚಿಗಳನ್ನು ಕಂಡು ನನ್ನ ಕಿವಿ ಬಿಸಿಯಾಯಿತು. ದಾದಾ ಮಾತ್ರ ಬಾಗಿಲ ಪರದೆಯನ್ನು ಮುಟ್ಟಿ ನೋಡಿ, ಕುರ್ಚಿಯನ್ನು ಅರ್ಧ ಅಡಿ ಅದರ ಮರೆಗೆ ಎಳೆದುಕೊಂಡು, "ಇದೇ ನನ್ನ ಜಾಗ. ಇಲ್ಲಿಂದ ಎಲ್ಲಾ ಸರಿಯಾಗಿ ಕಾಣುತ್ತೆ" ಎಂದು ಕೂತರು. ಮಾತು ಇಲ್ಲವೆಂದು ನಾನು ಅವರಿಗೆ ಹೇಳಿರಲಿಲ್ಲ. ನನ್ನ ಯೋಜನೆ ಸರಳವಾಗಿತ್ತು: ಡಬ್ಬಿಯನ್ನು ಮೊದಲೇ ನನ್ನ ಕೈಚೀಲಕ್ಕೆ ಹಾಕಿಕೊಂಡಿದ್ದೆ, ಆ ದೃಶ್ಯ ಬರುವ ಮುನ್ನ ದೊಡ್ಡದೊಂದು ಹರಳನ್ನು ಅವರ ಬಾಯಿಗೆ ಸೇರಿಸಿಬಿಟ್ಟರೆ, ಎತ್ತಿಕೊಟ್ಟ ಪದ ನೆಲಕ್ಕೆ ಬೀಳುವ ಅವಮಾನವಾದರೂ ತಪ್ಪುತ್ತದೆ.

ಸರ ಸಿಕ್ಕಿತು. ಮನೆಯವರು ಸಾಲಾಗಿ ನಿಂತರು. ನಾನು ಮುಚ್ಚಳ ತೆರೆದು ಹರಳನ್ನು ಬೆರಳಲ್ಲಿ ಹಿಡಿದುಕೊಂಡು ಪಕ್ಕಕ್ಕೆ ತಿರುಗಿದೆ. ದಾದಾ ಆಗಲೇ ಅಂಗೈ ಎತ್ತಿದ್ದರು. ಪ್ರೊಜೆಕ್ಟರಿನ ಬೆಳಕಿನ ಅಂಚು ಆ ಬೆರಳುಗಳ ಮೇಲೆ ಬಿದ್ದಿತ್ತು. ಕೈ ಇಳಿಯಲಿಲ್ಲ. ತೆರೆಯ ಮೇಲೆ ಮಳೆ ಶುರುವಾಯಿತು, ವೀಣೆ ಬಂತು, ಗಂಗಮ್ಮ ಓಡಿದಳು, ಕಾಲು ಹಿಡಿದಳು. ಅವರು ಅದನ್ನು ನೋಡಲೇ ಇಲ್ಲ. ಅವರ ಕಣ್ಣು ತೆರೆಯ ಎಡ ಅಂಚಿನಲ್ಲಿದ್ದ ಖಾಲಿ ಹೊಸ್ತಿಲ ಮೇಲಿತ್ತು. ರೈಲು ಪೂರ್ತಿ ಹೋಗಲು ಬಿಟ್ಟರು. ಕೈ ಇಳಿಸಿದರು.

"ಕದ್ದಿಲ್ಲ ಅಂದಿರಿ" ಎಂದು ಎತ್ತಿಕೊಟ್ಟರು.

ಯಾರೂ ಹಿಡಿಯಲಿಲ್ಲ. ಮುಂದಿನ ಸಾಲಿನಲ್ಲಿ ಒಂದು ತಲೆ ಅರ್ಧ ತಿರುಗಿತು. ಅವರು ಉಸಿರೆಳೆದುಕೊಂಡದ್ದು ಕೇಳಿಸಿತು, ಎರಡನೆಯ ಸಲಕ್ಕೆ. ಆಗ ನಾನು ಎದ್ದು ನಿಂತಿದ್ದೆ. ನಾನು ತರಗತಿಯಲ್ಲೂ ಎದ್ದು ನಿಂತು ಪ್ರಶ್ನೆ ಕೇಳಿದವಳಲ್ಲ.

"ಕದ್ದಿಲ್ಲ ಅಂದಿರಿ, ಸರಿ. ಕದ್ದಿರಬಹುದು ಅಂದುಕೊಂಡಿದ್ದಿರಲ್ಲ, ಅದನ್ನೆಲ್ಲಿ ಇಡುತ್ತೀರಿ?"

ನನ್ನ ದನಿ ನಾನು ಅಂದುಕೊಂಡದ್ದಕ್ಕಿಂತ ದೊಡ್ಡದಾಗಿತ್ತು. ಹಾಲಿನ ಕುರ್ಚಿಗಳೆಲ್ಲ ತಿರುಗಿದವು. ಜಯಸಿಂಹ ಸರ್ ನನ್ನನ್ನೂ ಬಾಗಿಲ ಪಕ್ಕದ ಆ ಎರಡು ಕುರ್ಚಿಗಳನ್ನೂ ನೋಡಿದರು. ಸಬ್‌ಟೈಟಲಿನ ಯುವಕನೂ ಇದ್ದ. ಈ ಸಲ ಅವನಿಗೆ ತಮಾಷೆ ಹೊಳೆಯಲಿಲ್ಲ. ತೆರೆಯ ಮೇಲೆ ಯಜಮಾನ ತಲೆ ಸವರುತ್ತಲೇ ಇದ್ದ. ನಾನು ಕೂತೆ. ಗಂಟಲು ಪೂರ್ತಿ ಒಣಗಿತ್ತು.

ದಾದಾ ನನ್ನ ಮುಷ್ಟಿಯನ್ನು ಬಿಡಿಸಿ, ಅದರೊಳಗೆ ಅಂಟಿಕೊಂಡಿದ್ದ ಹರಳನ್ನು ತೆಗೆದು ನನ್ನ ತುಟಿಯ ಬಳಿ ಹಿಡಿದರು. ಬಾಯಿಗೆ ಹಾಕಿಕೊಂಡೆ. ಡಬ್ಬಿಯನ್ನು ಅವರ ಜೇಬಿಗೆ ಹಾಕಹೋದರೆ ಬೇಡವೆಂದು ಕೈಯಾಡಿಸಿದರು, ನನ್ನ ಕೈಚೀಲವನ್ನೇ ತೋರಿಸಿದರು. ಆಮೇಲೆ, ಮರೆಯಲ್ಲಿ ಕೂತವರು ಮಾತಾಡುವಷ್ಟೇ ಮೆಲ್ಲಗೆ, ನನ್ನ ಕಿವಿಗೆ ಬಗ್ಗಿದರು.

"ಚೆನ್ನಾಗಿತ್ತು ಬೇಟಾ. 'ಸರಿ' ಆದ್ಮೇಲೆ ಮಾತ್ರ ಒಂಚೂರು ನಿಲ್ಬೇಕು. ನೀನು ಓಡ್ಬಿಟ್ಟೆ."